ಹಳೆಯ ರೇಡಿಯೋವನ್ನು ಬರಿದುಮಾಡುವ ಮುನ್ನ

ಮನೆಯ ಅಟ್ಟವನ್ನು ತೆರವು ಮಾಡುವಾಗ ಹಳೆಯ ರೇಡಿಯೋ ಪೆಟ್ಟಿಗೆಯೊಂದು ಕೈಗೆ ಸಿಕ್ಕಿದರೆ ಅದನ್ನು ಏನು ಮಾಡಬೇಕು? ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವುದು ಒಂದು ದಾರಿ. ಈಚೆಗೆ ತರುಣರಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿರುವ ದಾರಿ ಬೇರೆಯದು. ಒಳಗಿನ ಯಂತ್ರವನ್ನೆಲ್ಲ ಕಿತ್ತೊಗೆದು, ಆ ಜಾಗದಲ್ಲಿ ಅಂಗೈಯಗಲದ ಬ್ಲೂಟೂತ್ ಹಲಗೆಯೊಂದನ್ನೂ ಬ್ಯಾಟರಿಯನ್ನೂ ಕೂರಿಸಿ, ಕೈಯ ಮೊಬೈಲಿನಿಂದ ಹಾಡನ್ನು ಕಳುಹಿಸಿ ಕೇಳುವುದು. ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಕಳೆದ ಎರಡು ವರ್ಷಗಳಲ್ಲಿ ಇಂಥ ನಾಲ್ಕು ಪೆಟ್ಟಿಗೆಗಳನ್ನು ಪ್ರಯೋಗಶಾಲೆಗೆ ಹೊತ್ತು ತಂದಿದ್ದಾರೆ. “ಪೆಟ್ಟಿಗೆ ಚೆನ್ನಾಗಿದೆ ಸರ್, ಒಳಗಿರುವುದು ಮಾತ್ರ ಕಸ” ಎಂಬುದು ನಾಲ್ವರೂ ಆಡಿದ ಮಾತು. ಈ ಮಾತಿನ ಎರಡನೆಯ ಭಾಗವನ್ನು ಕುರಿತು ನಾವು ಹೇಳಬೇಕಾದುದು ಸ್ವಲ್ಪ ಇದೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವುದು ಮೇಲು. ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ ನಾವೂ ನಮ್ಮ ತಾತನವರ ಐದು ವಾಲ್ವುಗಳ ರೇಡಿಯೋ ಒಂದನ್ನು ಹೀಗೆಯೇ ಬರಿದುಮಾಡಿದೆವು. ವಿದ್ಯುತ್ತನ್ನು ಕೊಟ್ಟರೆ ಅದರಿಂದ ‘ಗುಂಯ್’ ಎಂಬ ಏಕನಾದವಲ್ಲದೆ ಬೇರೇನೂ ಹೊರಡುತ್ತಿರಲಿಲ್ಲ. ಯಂತ್ರ ಸತ್ತಿದೆಯೆಂದು ತೀರ್ಮಾನಿಸಿ, ವಾಲ್ವುಗಳನ್ನು ಹೊತ್ತ ತಗಡಿನ ಚೌಕಟ್ಟನ್ನು, ಎಂದರೆ ರಿಪೇರಿಯವರು ಚಾಸಿ ಎನ್ನುವುದನ್ನು, ಗುಜರಿಗೆ ಹಾಕಿದೆವು. ಕೆಲವು ವರ್ಷಗಳ ಮೇಲೆ ಹಳೆಯ ರೇಡಿಯೋಗಳನ್ನು ದುರಸ್ತಿ ಮಾಡುವ ಹಿರಿಯರೊಬ್ಬರಿಗೆ ಈ ಕಥೆಯನ್ನು ಹೇಳಿದಾಗ ಅವರು ನಕ್ಕು, “ಮೇಷ್ಟ್ರೇ, ಅದು ಫಿಲ್ಟರ್ ಕಂಡೆನ್ಸರ್ ಒಣಗಿದ್ದು, ಅಷ್ಟೇ” ಎಂದರು. ಅವರ ಮಾತು ನಿಜವಾಗಿತ್ತು. ನಮ್ಮ ಮನೆಗಳ ವಿದ್ಯುತ್ತು ಕ್ಷಣಕ್ಕೆ 50 ಸಲ ಆವರ್ತಿಸುತ್ತದೆ. ಅದನ್ನು ದಿಷ್ಟೀಕರಿಸಿದಾಗ ಕ್ಷಣಕ್ಕೆ 100 ಸಲದ ಏರಿಳಿತ ಉಳಿಯುತ್ತದೆ. ಆ ಏರಿಳಿತವನ್ನು ಸಮಮಾಡಬೇಕಾದ ಕಂಡೆನ್ಸರ್ ಒಣಗಿದರೆ ಅದೇ ಗುಂಯ್‌ಗುಟ್ಟುವಿಕೆಯಾಗಿ ಕೇಳಿಸುತ್ತದೆ. ಇದನ್ನು ನಾವು ವರ್ಷವರ್ಷವೂ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದವರು! ಆ ಗುಂಯ್‌ಗುಟ್ಟುವಿಕೆ ರೇಡಿಯೋ ಸತ್ತುದರ ಗುರುತಾಗಿರಲಿಲ್ಲ. ಅದರ ಟ್ರಾನ್ಸ್‌ಫಾರ್ಮರು, ಕೊನೆಯ ವಾಲ್ವು, ಧ್ವನಿವರ್ಧಕ ಎಲ್ಲವೂ ಜೀವಂತವಾಗಿವೆಯೆಂಬುದಕ್ಕೆ ಸಾಕ್ಷಿಯಾಗಿತ್ತು.

ಆದುದರಿಂದ ನಮ್ಮ ಅಭಿಪ್ರಾಯ ಇದು: ಹಳೆಯ ರೇಡಿಯೋ ಪೆಟ್ಟಿಗೆಯಲ್ಲಿ ಬ್ಲೂಟೂತ್ ಅಳವಡಿಸುವುದು ತಪ್ಪಲ್ಲ. ಅದಕ್ಕಾಗಿ ರೇಡಿಯೋವನ್ನು ಬರಿದುಮಾಡುವುದು ಬಹುಮಟ್ಟಿಗೆ ಅನಾವಶ್ಯಕ. ಧ್ವನಿವರ್ಧಕವನ್ನು ಕಿತ್ತುಹಾಕುವುದಂತೂ ಶುದ್ಧ ನಷ್ಟ.

ರೇಡಿಯೋ ಸತ್ತಿದೆಯೆ, ಮಲಗಿದೆಯೆ ಎಂಬುದನ್ನು ಮೊದಲು ತಿಳಿಯಬೇಕು. ಹತ್ತಾರು ವರ್ಷ ಸುಮ್ಮನಿದ್ದುದನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದು ಅವಿವೇಕ. ಹಳೆಯ ತಂತುವಿನ ಬಲ್ಬೊಂದನ್ನು ಸರಣಿಯಲ್ಲಿಟ್ಟು ವಿದ್ಯುತ್ತನ್ನು ಕೊಟ್ಟರೆ, ಒಳಗೆ ಎಲ್ಲಿಯಾದರೂ ಕೂಡುಹಾದಿಯಿದ್ದಲ್ಲಿ ಬಲ್ಬು ಪ್ರಖರವಾಗಿ ಉರಿದು ಎಚ್ಚರಿಸುತ್ತದೆ, ಯಂತ್ರ ಸುಡುವುದಿಲ್ಲ. (ಈಗಿನ ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು.) ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಎ.ಸಿ. ಹಾಗೂ ಡಿ.ಸಿ. ಎರಡರಲ್ಲಿಯೂ ನಡೆಯುವಂತೆ ಮಾಡಿದ ರೇಡಿಯೋಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಅವುಗಳ ಚಾಸಿ ಮನೆಯ ವಿದ್ಯುತ್ ತಂತಿಯ ಒಂದು ತುದಿಗೆ ನೇರವಾಗಿ ಸೇರಿರುತ್ತದೆ. ವಾಲ್ವಿನ ಹೆಸರು ಯುಸಿಎಚ್81, ಯುಎಲ್84 ಎಂದು ‘ಯು’ ಅಕ್ಷರದಿಂದ ಆರಂಭವಾದರೆ ಅಂಥದೆಂದು ತಿಳಿಯಬಹುದು. ಅದನ್ನು ಮುಟ್ಟುವುದು ಬರಿಯ ತಂತಿಯನ್ನು ಮುಟ್ಟಿದಂತೆಯೇ. ಇನ್ನು ಟ್ರಾನ್ಸ್‌ಫಾರ್ಮರ್ ಉಳ್ಳ ರೇಡಿಯೋಗಳಲ್ಲಿಯೂ ಪ್ಲಗ್ಗನ್ನು ತೆಗೆದ ಮೇಲೆ ಕಂಡೆನ್ಸರುಗಳು 250 ವೋಲ್ಟುಗಳಷ್ಟನ್ನು ಸ್ವಲ್ಪ ಕಾಲ ಹಿಡಿದಿಟ್ಟುಕೊಂಡಿರಬಹುದು. ಆದುದರಿಂದ ಬಲ್ಲವರ ನೆರವಿಲ್ಲದೆ ಹುಡುಗರು ಹಿಂಬದಿಯ ಹಲಗೆಯನ್ನು ತೆರೆಯಬಾರದು.

ಇಷ್ಟು ಪರೀಕ್ಷೆಯ ಮೇಲೆ ರೇಡಿಯೋ ಮಾತಾಡಿತು ಎನ್ನೋಣ. ಆಗಲೂ ಬ್ಲೂಟೂತ್ ಬೇಕೆನ್ನುವವರಿಗೆ ಅದರ ನಿರ್ಮಾಪಕರೇ ಬಾಗಿಲೊಂದನ್ನು ತೆರೆದಿಟ್ಟು ಹೋಗಿದ್ದಾರೆ. ಅನೇಕ ರೇಡಿಯೋಗಳ ಬೆನ್ನಿನಲ್ಲಿ ಗ್ರಾಮಾಫೋನಿಗಾಗಿ ‘ಪಿಕ್‌ಅಪ್’ ಎಂಬ ಎರಡು ರಂಧ್ರಗಳಿವೆ. ತಟ್ಟೆಯ ಮುಳ್ಳು ತರುತ್ತಿದ್ದ ಕ್ಷೀಣ ವಿದ್ಯುತ್ತನ್ನು ಅಲ್ಲಿ ಒಳಬಿಟ್ಟರೆ ರೇಡಿಯೋದ ವಾಲ್ವುಗಳೇ ಅದನ್ನು ವರ್ಧಿಸುತ್ತಿದ್ದುವು. ಆ ಮುಳ್ಳಿನ ಸ್ಥಾನದಲ್ಲಿ ಬ್ಲೂಟೂತ್ ಗ್ರಾಹಕವನ್ನು ಜೋಡಿಸಿದರಾಯಿತು. ಒಂದು ತಿರುಪನ್ನೂ ಸಡಿಲಿಸಬೇಕಾಗಿಲ್ಲ. ‘ಯು’ ವಾಲ್ವಿನ ರೇಡಿಯೋಗಳಲ್ಲಿ ಮಾತ್ರ ಈ ರಂಧ್ರಗಳೂ ಅಪಾಯಕಾರಿಯಾಗಿರಬಹುದು. ನಡುವೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಲ್ಲಿ ಕೈಯಿಡತಕ್ಕುದಲ್ಲ.

ಮೇಲಿನ ಏರ್ಪಾಡು ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ್ದು. ಅಂಗಳಕ್ಕೂ ತೋಟಕ್ಕೂ ಒಯ್ಯಬೇಕೆಂದರೆ ಬ್ಯಾಟರಿ ಬೇಕು. ಟ್ರಾನ್ಸ್‌ಫಾರ್ಮರ್ ಸುಟ್ಟು, ಸುರುಳಿಗಳನ್ನು ಇಲಿ ಕಡಿದು, ನಿಜವಾಗಿಯೇ ಸತ್ತ ರೇಡಿಯೋಗಳಿಗೆ ಈ ಮರುಜನ್ಮ ತಕ್ಕುದು. ಮಧ್ಯಮ ತರಂಗದ ಪ್ರಸಾರಗಳು ಕಡಮೆಯಾಗುತ್ತ ಬಂದಿರುವ ಈ ಕಾಲದಲ್ಲಿ ಇದಕ್ಕೆ ಮರುಗುವುದೂ ಸಲ್ಲದು. ಆದರೆ ಇಲ್ಲಿಯೇ ನಮ್ಮ ಹುಡುಗರು ಮಾಡುವ ದೊಡ್ಡ ತಪ್ಪೊಂದಿದೆ. ಹಳೆಯ ಧ್ವನಿವರ್ಧಕವನ್ನು ಬಿಚ್ಚಿ, ‘ಹೊಸದು’ ಎಂಬ ಒಂದೇ ಕಾರಣಕ್ಕಾಗಿ ಪೇಟೆಯಿಂದ ತಂದ ಸಣ್ಣ ಧ್ವನಿವರ್ಧಕಗಳೆರಡನ್ನು ಅಲ್ಲಿ ತೂರಿಸುತ್ತಾರೆ.

ಇದೇಕೆ ತಪ್ಪು? ಹಳೆಯ ರೇಡಿಯೋದ ಕೊನೆಯ ವಾಲ್ವು, ಉದಾಹರಣೆಗೆ ಇಎಲ್84, ಒಂಟಿಯಾಗಿ ದುಡಿದು ಕೊಡುತ್ತಿದ್ದುದು ಹೆಚ್ಚೆಂದರೆ ಐದಾರು ವಾಟ್. ಅಷ್ಟರಲ್ಲಿಯೇ ಇಡೀ ಹಜಾರ ತುಂಬಬೇಕು. ಆದುದರಿಂದ ಅಂದಿನ ಶಿಲ್ಪಿಗಳು ಧ್ವನಿವರ್ಧಕದ ಕಾಗದದ ಶಂಕುವನ್ನು ಅಗಲವಾಗಿಯೂ ಹಗುರವಾಗಿಯೂ ಮಾಡಿದರು. ಬೀಸಣಿಗೆ ಅಗಲವೂ ಹಗುರವೂ ಆಗಿದ್ದಷ್ಟೂ ಕಡಮೆ ಶ್ರಮಕ್ಕೆ ಹೆಚ್ಚು ಗಾಳಿಯಲ್ಲವೆ? ಈಗಿನ ಸಣ್ಣ ಧ್ವನಿವರ್ಧಕದ ಗುರಿಯೇ ಬೇರೆ. ಸಣ್ಣ ಮುಚ್ಚಿದ ಡಬ್ಬಿಯಿಂದ ತಗ್ಗುಸ್ವರಗಳನ್ನು ಹೊರಡಿಸಬೇಕೆಂದು ಅದರ ಶಂಕುವನ್ನು ಭಾರವಾಗಿ ಮಾಡುತ್ತಾರೆ. ಭಾರಕ್ಕೆ ತೆರುವ ಬೆಲೆ ದಕ್ಷತೆ. ಒಂದೇ ವಾಟನ್ನು ಕೊಟ್ಟಾಗ ಇವೆರಡರ ನಡುವೆ ಎಂಟು ಹತ್ತು ಡೆಸಿಬೆಲ್‌ಗಳ ಅಂತರವಿರುವುದು ಅಪೂರ್ವವಲ್ಲ. ಹತ್ತು ಡೆಸಿಬೆಲ್ ಎಂದರೆ ಹತ್ತು ಪಟ್ಟು ಶಕ್ತಿ. ಹಳೆಯದು ಅರ್ಧ ವಾಟಿನಲ್ಲಿ ಹಾಡುವುದನ್ನು ಹೊಸದು ಅಷ್ಟೇ ಎತ್ತರದಲ್ಲಿ ಹಾಡಲು ಐದು ವಾಟ್ ಕೇಳೀತು. ಬ್ಯಾಟರಿಯಿಂದ ನಡೆಸುವವನಿಗೆ ಇದು ಸಣ್ಣ ಮಾತಲ್ಲ. ಕಾಗದ ಹರಿದಿದ್ದರೆ ಅಂಟುಹಚ್ಚಿದ ತೆಳುಗಾಗದದ ತೇಪೆ ಸಾಕು. ಸುರುಳಿ ತುಂಡಾಗಿದ್ದರೆ ಮಾತ್ರ ಬದಲಾವಣೆ.

ಪೆಟ್ಟಿಗೆಯ ಹಿಂಬದಿಯನ್ನು ಮುಚ್ಚಿಬಿಡುವ ಚಪಲವೂ ಹುಡುಗರಲ್ಲಿದೆ. ‘ಮುಚ್ಚಿದರೆ ಬೇಸ್ ಬರುತ್ತದೆ’ ಎಂದು ಅವರ ವಾದ. ಅದರಲ್ಲಿ ಅರ್ಧ ಸತ್ಯವಿದೆ. ಶಂಕು ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನದು ಸಡಿಲಗೊಳ್ಳುತ್ತದೆ. ಹಿಂಬದಿ ತೆರೆದಿದ್ದರೆ ಈ ಎರಡೂ ಪೆಟ್ಟಿಗೆಯ ಅಂಚನ್ನು ಸುತ್ತಿ ಬಂದು ಒಂದನ್ನೊಂದು ಅಳಿಸುತ್ತವೆ. ಶಬ್ದದ ವೇಗ ಕ್ಷಣಕ್ಕೆ ಸುಮಾರು 340 ಮೀಟರು. ಸುತ್ತುವ ದಾರಿ ಅರ್ಧ ಮೀಟರೆಂದು ಹಿಡಿದರೆ, ಕ್ಷಣಕ್ಕೆ 340 ಕಂಪನಗಳಿಗಿಂತ ಕೆಳಗಿನ ಸ್ವರಗಳು ಇಳಿದಂತೆಲ್ಲ ಕ್ಷೀಣಿಸುತ್ತ ಹೋಗುತ್ತವೆ. ಆದರೆ ಈ ಧ್ವನಿವರ್ಧಕದ ಅಂಚು ಬಿಗಿಯಾದುದು. ಮುಚ್ಚಿದ ಪೆಟ್ಟಿಗೆಯ ಗಾಳಿ ಇನ್ನೊಂದು ಸ್ಪ್ರಿಂಗಿನಂತೆ ಸೇರಿಕೊಂಡು ಅದರ ಸಹಜ ಕಂಪನವನ್ನು ಮೇಲಕ್ಕೆ ತಳ್ಳುತ್ತದೆ. ಆಗ ದೊರೆಯುವುದು ಗಂಭೀರ ಸ್ವರವಲ್ಲ, ಕೊಡದೊಳಗೆ ಬಾಯಿಟ್ಟು ಮಾತಾಡಿದಂಥ ನಾದ. ರಂಧ್ರಗಳುಳ್ಳ ಹಳೆಯ ಹಿಂಬದಿ ಹಲಗೆಯನ್ನೇ ಮತ್ತೆ ಕೂರಿಸಿದರೆ ಸಾಕು. ಮನುಷ್ಯರ ಕಂಠಕ್ಕೆ, ಪಿಟೀಲಿಗೆ, ಹಳೆಯ ಚಿತ್ರಗೀತೆಗಳಿಗೆ ಅದು ಒಪ್ಪುತ್ತದೆ. ಈಗಿನ ಕುಣಿತದ ಹಾಡುಗಳ ಗುಡುಗು ಅದರಿಂದ ಬಾರದು. ಬಾರದಿದ್ದರೆ ನಮಗೇನೂ ವ್ಯಸನವಿಲ್ಲ.

ಆ ಗುಡುಗನ್ನು ಮೊದಲೇ ತಡೆಯುವುದೂ ಅಗತ್ಯ. ಕೇಳಿಸದ ತಗ್ಗುಸ್ವರಗಳು ಶಂಕುವನ್ನು ವ್ಯರ್ಥವಾಗಿ ಅಲುಗಾಡಿಸಿ ಹರಿಯಬಲ್ಲವು. ವರ್ಧಕದ ಒಳಬಾಗಿಲಿನ ರೋಧ 20 ಸಾವಿರ ಓಮ್ ಇದ್ದರೆ ಅದರ ಮುಂದೆ 0.1 ಮೈಕ್ರೋಫ್ಯಾರಡ್ ಕಂಡೆನ್ಸರ್ ಇಡಿ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನವು ಇಳಿದುಹೋಗುತ್ತವೆ. ಮೊಬೈಲು ಎಡಬಲಗಳೆಂದು ಎರಡು ಧಾರೆಗಳನ್ನು ಕಳುಹಿಸುತ್ತದೆ. ಪೆಟ್ಟಿಗೆಯಲ್ಲಿರುವ ಕಂಠ ಒಂದೇ. ಒಂದು ಧಾರೆಯನ್ನು ಕೈಬಿಟ್ಟರೆ ಹಾಡಿನ ಕೆಲವು ವಾದ್ಯಗಳೇ ಮಾಯವಾದಾವು. ಎರಡನ್ನೂ ತಲಾ ಐದು ಸಾವಿರ ಓಮ್‌ನಷ್ಟು ರೋಧಕದ ಮೂಲಕ ತಂದು ಕೂಡಿಸಬೇಕು. ಹಳೆಯ ಧ್ವನಿವರ್ಧಕದ ರೋಧ ಸಾಮಾನ್ಯವಾಗಿ ಮೂರು ಓಮಿನ ಆಸುಪಾಸು, ಈಗಿನ ವರ್ಧಕಗಳು ಬಯಸುವುದು ನಾಲ್ಕು; ಒಂದು ಓಮನ್ನು ಸರಣಿಯಲ್ಲಿ ಸೇರಿಸಿದರೆ ಜಗಳವಿಲ್ಲ. ಈ ವರ್ಧಕಗಳಲ್ಲಿ ಬಹಳವು ತಮ್ಮ ಎರಡು ತಂತಿಗಳಲ್ಲಿ ಯಾವುದನ್ನೂ ಚಾಸಿಗೆ ಮುಟ್ಟಿಸಗೊಡವು. ಹಳೆಯ ಜೋಡಣೆಯಲ್ಲಿಯಾದರೋ ಧ್ವನಿವರ್ಧಕದ ಒಂದು ತಂತಿ ಚಾಸಿಗೇ ಬೆಸೆದಿರುವುದುಂಟು. ಅದನ್ನು ಬಿಡಿಸದೆ ವಿದ್ಯುತ್ತನ್ನು ಕೊಟ್ಟು ಹೊಸ ವರ್ಧಕವನ್ನು ಸುಟ್ಟವರನ್ನು ನಾವು ಬಲ್ಲೆವು.

ಬ್ಯಾಟರಿಯ ಲೆಕ್ಕ ಸರಳ. 2500 ಮಿಲಿ ಆಂಪಿಯರ್-ಗಂಟೆಯ ಎರಡು ಲಿಥಿಯಂ ಕೋಶಗಳನ್ನು ಸರಣಿಯಲ್ಲಿಟ್ಟರೆ 7.4 ವೋಲ್ಟು, 18.5 ವಾಟ್-ಗಂಟೆ. ಕೋಣೆಯಲ್ಲಿ ಹಿತವಾಗಿ ಕೇಳುವಾಗ ಎಲ್ಲ ಸೇರಿ ಒಂದೂವರೆ ವಾಟ್ ಎಂದಿಟ್ಟುಕೊಂಡರೂ ಹನ್ನೆರಡು ಗಂಟೆ ನಡೆದೀತು. ಅದೇ ಬ್ಯಾಟರಿಯಿಂದ ಹಳೆಯ ವಾಲ್ವುಗಳನ್ನು ಉರಿಸಹೋದರೆ, ಅವುಗಳ ನಲವತ್ತೈದು ವಾಟ್ ಹಸಿವಿಗೆ ಅರ್ಧ ಗಂಟೆಗೂ ಸಾಲದು. ಕೋಶಗಳಿಗೆ ರಕ್ಷಣಾ ಮಂಡಲ ಇರಲೇಬೇಕು. ಅವುಗಳ ಮೈಗೆ ನೇರವಾಗಿ ಬೆಸುಗೆ ಹಾಕಕೂಡದು. ಒಣ ಮರದ ಪೆಟ್ಟಿಗೆಯೊಳಗೆ ಬೆಂಕಿ ಹೊತ್ತಿದರೆ ಅದು ಅಜ್ಜನ ರೇಡಿಯೋ ಎಂದು ನೋಡುವುದಿಲ್ಲ.

ಇನ್ನು ಅಲೆಯ ಮಾತು. ಬೆಂಗಳೂರು ಆಕಾಶವಾಣಿಯ ಹೆಸರಿನೊಡನೆ ಬಹುಕಾಲದಿಂದ ಹೊಂದಿಕೊಂಡ 612 ಕಿಲೋಹರ್ಟ್ಸ್‌ನ ಒಂದೊಂದು ಅಲೆಯ ಉದ್ದ ಸುಮಾರು 490 ಮೀಟರು. ಬ್ಲೂಟೂತಿನ ಅಲೆ ಕೇವಲ ಹನ್ನೆರಡೂವರೆ ಸೆಂಟಿಮೀಟರು. ಒಂದು ಗೇಣಿಗೂ ಕಡಮೆ. ಅದು 79 ದಾರಿಗಳ ನಡುವೆ ಕ್ಷಣಕ್ಕೆ 1600 ಸಲ ಹಾರುತ್ತ, ಬೇರೆ ಸಲಕರಣೆಗಳ ಗದ್ದಲವನ್ನು ತಪ್ಪಿಸಿಕೊಂಡು ಬರುತ್ತದೆ. ಮರ ಅದಕ್ಕೆ ಅಡ್ಡಿಯಲ್ಲ, ಲೋಹ ಅಡ್ಡಿ. ಕೆಲವು ಪೆಟ್ಟಿಗೆಗಳ ಒಳಮೈಗೆ ಆ್ಯಂಟೆನಾ ಎಂದು ಲೋಹದ ತೆಳುಹಾಳೆಯನ್ನು ಅಂಟಿಸಿರುತ್ತಾರೆ. ಅಂಥ ಕಡೆಯಿಂದ ದೂರವಾಗಿ, ಚಾಸಿಗಿಂತ ಎತ್ತರದಲ್ಲಿ ಹಲಗೆಯನ್ನು ನಿಲ್ಲಿಸಬೇಕು.

‘ಚಾಸಿಗಿಂತ ಎತ್ತರದಲ್ಲಿ’ ಎಂದೆವು. ವಾಚಕರು ಗಮನಿಸಿರಬಹುದು: ಸತ್ತ ಚಾಸಿಯನ್ನೂ ನಾವು ಹೊರಗೆ ತೆಗೆಯಲಿಲ್ಲ. ಹೊಸ ಸಾಮಗ್ರಿಯೆಲ್ಲ ಅಂಗೈಯಗಲ. ಹಳೆಯ ಪೆಟ್ಟಿಗೆಯಲ್ಲಿ ಜಾಗಕ್ಕೆ ಕೊರತೆಯಿಲ್ಲ. ಭಾರವಾದ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಬೇರೆ ಇಟ್ಟು, ವಿದ್ಯುತ್ ಹುರಿಯನ್ನು ಕತ್ತರಿಸಿ, ಉಳಿದುದನ್ನು ಇದ್ದಂತೆಯೇ ಬಿಟ್ಟರೆ ಮುಳ್ಳೂ ದಾರವೂ ಗಾಜಿನ ಫಲಕವೂ ತಮ್ಮ ಸ್ಥಾನದಲ್ಲಿಯೇ ಉಳಿಯುತ್ತವೆ. ಪೆಟ್ಟಿಗೆಗೆ ಹೊಸ ರಂಧ್ರ ಕೊರೆಯಬಾರದು. ಮುಂದೆ ಯಾರಿಗಾದರೂ ಮನಸ್ಸು ಬಂದು ಸುರುಳಿಗಳನ್ನು ಸುತ್ತಿಸಿದರೆ ರೇಡಿಯೋ ಮತ್ತೆ ರೇಡಿಯೋ ಆಗಬಹುದು. ಹಳೆಯ ವಸ್ತುಗಳನ್ನು ಕೂಡಿಡುವ ಕೆಲವರು ಒಂದು ತಿರುಪನ್ನು ಮುಟ್ಟಿದರೂ ಅಪಚಾರವೆನ್ನುತ್ತಾರೆ. ಅವರ ಕಪಾಟುಗಳಲ್ಲಿ ಮೂಕವಾಗಿ ಸಾಲುಗಟ್ಟಿರುವ ರೇಡಿಯೋಗಳನ್ನು ನೋಡಿದರೆ ಆ ವಾದ ನಮಗೆ ಹಿಡಿಸುವುದಿಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರ ಹೂಡಿದಾಗ, ಇದ್ದ ಸಾಮಗ್ರಿಯನ್ನು ಗಾಜಿನೊಳಗೆ ಇಡಲಿಲ್ಲ, ಬಳಸಿದರು.

ನಮ್ಮಲ್ಲಿಗೆ ಬಂದ ನಾಲ್ಕರಲ್ಲಿ ಎರಡು ರೇಡಿಯೋಗಳು ಕಂಡೆನ್ಸರ್ ಬದಲಿಸಿದೊಡನೆ ಮಾತಾಡಿದುವು. ಮೂರನೆಯದರ ದುರಸ್ತಿ ಇನ್ನೂ ನಡೆದಿದೆ. ನಾಲ್ಕನೆಯದು ನಿಜವಾಗಿಯೂ ಸತ್ತಿತ್ತು. ಅದನ್ನು ತಂದ ಹುಡುಗ ಮೇಲೆ ಹೇಳಿದ ರೀತಿಯಲ್ಲಿಯೇ ಬ್ಲೂಟೂತನ್ನು ಅಳವಡಿಸಿದ. ಹಳೆಯ ಗುಂಡಿಯ ಕುಳಿ ಕಾಲಂಗುಲ, ಹೊಸ ವಾಲ್ಯೂಮಿನ ಕಡ್ಡಿ ಆರು ಮಿಲಿಮೀಟರು, ಗುಂಡಿ ಅಲ್ಲಾಡುತ್ತಿತ್ತು. ಹಿತ್ತಾಳೆಯ ತೆಳುಪಟ್ಟಿಯನ್ನು ಸುತ್ತಿ ಬಿಗಿಮಾಡಿದ. ಪೆಟ್ಟಿಗೆಯನ್ನು ಊರಿಗೆ ಒಯ್ದಾಗ ಅವನ ಅಜ್ಜಿ ವಾಲ್ಯೂಮಿನ ಗುಂಡಿಯನ್ನು ಮುಟ್ಟಲಿಲ್ಲವಂತೆ. ಬಲಗಡೆಯ ಗುಂಡಿಯನ್ನು ತಿರುಗಿಸಿ, ಮುಳ್ಳು ಗಾಜಿನ ಮೇಲಿನ ಹೆಸರುಗಳನ್ನು ದಾಟಿ ಹೋಗುವುದನ್ನು ನೋಡುತ್ತ, “ಸಿಲೋನು ಇನ್ನೂ ಸ್ವಲ್ಪ ಆಚೆಗಿರಬೇಕಲ್ಲೋ, ಮಗಾ” ಎಂದರಂತೆ. ಆ ಗುಂಡಿಯನ್ನು ತಿರುಗಿಸಿದರೆ ಹಾಡು ಬದಲಾಗುವಂತೆ ಮಾಡಲು ಬರುತ್ತದೆಯೆ ಎಂದು ಹುಡುಗ ಸೋಮವಾರ ಬಂದು ನಮ್ಮನ್ನು ಕೇಳಿದ. ಬರುತ್ತದೆ, ಸುತ್ತುಕಂಡೆನ್ಸರಿನ ಬೆಲೆ ಗುಂಡಿಯೊಡನೆ ಬದಲಾಗುತ್ತದೆ, ಅದನ್ನು ಅಳೆದು ಆಜ್ಞೆಯಾಗಿ ಮಾರ್ಪಡಿಸುವ ಒಂದು ಚಿಕ್ಕ ಮಂಡಲ ಬೇಕಾಗುತ್ತದೆ. ಈಗ ಅದರ ಕೆಲಸ ನಡೆದಿದೆ.