ಮನೆಯ ಹೊಲಿಗೆ ಆಸ್ಪತ್ರೆಯನ್ನು ಕಾಯಬಲ್ಲುದೇ?

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಲಾಕ್‌ಡೌನ್ ಶುರುವಾದಾಗ ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಸಿಬ್ಬಂದಿಯನ್ನು ಸೋಂಕಿನಿಂದ ಕಾಯುವ ಪಿಪಿಇ ಕಿಟ್ ಸಾಕಷ್ಟು ಇರಲಿಲ್ಲ. ಕೋಲ್ಕತ್ತದಲ್ಲಿ ವೈದ್ಯರ ಕೈಗೆ ರೇನ್‌ಕೋಟ್ ಬಂತು. ಹರಿಯಾಣದಲ್ಲಿ ವೈದ್ಯರೊಬ್ಬರು ಬೈಕಿನ ಹೆಲ್ಮೆಟ್ ಹಾಕಿಕೊಂಡೇ ರೋಗಿಗಳನ್ನು ನೋಡಿದರು. ಇದನ್ನು ಕಂಡು ಸುಮ್ಮನಿರಲಾಗದವರು ತಾವೇ ಕೆಲಸಕ್ಕಿಳಿದರು. ಗೃಹಿಣಿಯರು, ಸ್ವಸಹಾಯ ಸಂಘದವರು, ಟೈಲರ್‌ಗಳು ಮಾಸ್ಕ್ ಹೊಲಿದರು. 3ಡಿ ಪ್ರಿಂಟರ್ ಇದ್ದ ಯುವಕರು ಫೇಸ್ ಶೀಲ್ಡ್ ಮಾಡಿದರು. ಅವರ ಒಳ್ಳೆಯ ಮನಸ್ಸಿನ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಮಾಡಿದ್ದು ಆಸ್ಪತ್ರೆಯೊಳಗಿನವರನ್ನು ಕಾಯಬಲ್ಲುದೇ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ, ಎರಡರಲ್ಲೂ ಹುರುಳಿದೆ.

ಪರವಾದ ವಾದಕ್ಕೆ ಗಟ್ಟಿ ಸಾಕ್ಷಿ ಫೇಸ್ ಶೀಲ್ಡ್. ಮುಂಬೈನ ಮೇಕರ್ಸ್ ಅಸೈಲಮ್ ಶುರುಮಾಡಿದ ಎಂ19 ಅಭಿಯಾನದಲ್ಲಿ ಹಲವು ಊರುಗಳ ಹವ್ಯಾಸಿಗಳು ಕೈಜೋಡಿಸಿ 49 ದಿನಗಳಲ್ಲಿ 10 ಲಕ್ಷ ಶೀಲ್ಡ್ ತಯಾರಿಸಿದರು. ಪಾರದರ್ಶಕ ಹಾಳೆ, ಹಣೆಗೊಂದು ಪಟ್ಟಿ, ಎಲಾಸ್ಟಿಕ್ ಇದ್ದರೆ ಸಾಕಿತ್ತು. ಲಾರಿಗಳೇ ನಿಂತುಹೋಗಿದ್ದ ಆ ದಿನಗಳಲ್ಲಿ ಆಸ್ಪತ್ರೆಯಿರುವ ಊರಲ್ಲೇ ವಸ್ತು ಸಿದ್ಧವಾಗುವುದು ಸಣ್ಣ ಅನುಕೂಲವಲ್ಲ. ಹಾಳೆ ಬಿರುಕುಬಿಟ್ಟರೆ, ಪಟ್ಟಿ ಸಡಿಲವಾದರೆ ತೊಡುವ ನರ್ಸ್‌ಗೆ ಅದು ಕಣ್ಣಿಗೇ ಕಾಣುತ್ತದೆ.

ಮಾಸ್ಕ್ ಮತ್ತು ಮೈಯಿಡೀ ಮುಚ್ಚುವ ಉಡುಪಾದ ಕವರಾಲ್ ವಿಷಯದಲ್ಲಿ ಹೀಗಲ್ಲ. ಎನ್95 ಮಾಸ್ಕ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯುವುದು ವಿದ್ಯುದಾವೇಶವಿರುವ ವಿಶೇಷ ಪದರದಿಂದ. ಹತ್ತಿಬಟ್ಟೆಯನ್ನು ಎಷ್ಟು ಮಡಿಕೆ ಹಾಕಿ ಹೊಲಿದರೂ ಆ ಗುಣ ಬರುವುದಿಲ್ಲ. ಹನೋಯ್‌ನ 14 ಆಸ್ಪತ್ರೆಗಳ 1,607 ಸಿಬ್ಬಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಟ್ಟೆಯ ಮಾಸ್ಕ್ ತೊಟ್ಟವರಿಗೆ ವೈದ್ಯಕೀಯ ಮಾಸ್ಕ್ ತೊಟ್ಟವರಿಗಿಂತ ಹೆಚ್ಚು ಸೋಂಕು ತಗುಲಿತ್ತು. ಬಟ್ಟೆಯ ಮಾಸ್ಕ್ ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು ಎಂದು ಆ ಅಧ್ಯಯನ ತೋರಿಸಿಲ್ಲ ಎಂಬುದನ್ನೂ ಹೇಳಬೇಕು. ಮಾಸ್ಕೇ ಇಲ್ಲದವರ ಗುಂಪು ಅದರಲ್ಲಿರಲಿಲ್ಲ.

ಕವರಾಲ್‌ನಲ್ಲಿ ಅಪಾಯ ಹೊಲಿಗೆಯಲ್ಲೇ ಅಡಗಿರುತ್ತದೆ. ಸೂಜಿ ತೂರಿದಲ್ಲೆಲ್ಲ ರಕ್ತ ಒಳಗಿಳಿಯಲು ದಾರಿ. ಅದಕ್ಕೇ ಹೊಲಿಗೆಯ ಮೇಲೆ ಯಂತ್ರದಿಂದ ಟೇಪ್ ಬೆಸೆಯಬೇಕು. ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾದಂಥ ಕಡೆಯ ಪ್ರಯೋಗಾಲಯದಲ್ಲಿ ಕೃತಕ ರಕ್ತ ಹಾಯಿಸಿ ಪರೀಕ್ಷಿಸಬೇಕು. 2020ರ ಮೇ ವೇಳೆಗೆ ದೇಶದಲ್ಲಿ ದಿನಕ್ಕೆ 2 ಲಕ್ಷ ಕಿಟ್ ತಯಾರಾಗತೊಡಗಿತು. ಅದು ಸಾಧ್ಯವಾದದ್ದು ಬೆಂಗಳೂರಿನಂಥ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳು ಈ ಕೆಲಸಕ್ಕೆ ತಿರುಗಿದ್ದರಿಂದ.

ಹಾಗಾದರೆ ಮನೆಯಲ್ಲಿ ಹೊಲಿದದ್ದು ವ್ಯರ್ಥವಾಯಿತೇ? ಖಂಡಿತ ಇಲ್ಲ. ಮನೆಯಲ್ಲಿ ಮಾಡಿದ ಮಾಸ್ಕ್ ಆರೋಗ್ಯ ಸಿಬ್ಬಂದಿಗೂ ರೋಗಿಗಳಿಗೂ ಸಲ್ಲದು, ಉಳಿದ ಜನರಿಗೆ ಆಗಬಹುದು ಎಂದು 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಹೇಳಿತು. ಊರಿನ ಜನ ಬಟ್ಟೆಯ ಮಾಸ್ಕ್ ತೊಟ್ಟರೆ ವೈದ್ಯಕೀಯ ಮಾಸ್ಕ್ ವಾರ್ಡ್‌ಗೆ ಉಳಿಯುತ್ತದೆ. ಆ ಲೆಕ್ಕದಲ್ಲಿ ಟೈಲರ್ ಕೂಡ ನರ್ಸ್‌ಗೆ ನೆರವಾದಂತೆಯೇ.

ನನ್ನ ನಿಲುವು ಇಷ್ಟು: ದೋಷ ಕಣ್ಣಿಗೆ ಕಾಣುವಂಥ ವಸ್ತುವನ್ನು ಸ್ವಯಂಸೇವಕರು ಮಾಡಲಿ, ದೋಷ ಪ್ರಯೋಗಾಲಯಕ್ಕೆ ಮಾತ್ರ ಕಾಣುವುದಾದರೆ ಅದನ್ನು ಕಾರ್ಖಾನೆಗೇ ಬಿಡಲಿ. ಏನು ಬೇಕು, ಯಾವ ಅಳತೆಯಲ್ಲಿ ಬೇಕು ಎಂದು ಆಸ್ಪತ್ರೆಯೇ ಮೊದಲು ಹೇಳಲಿ. ಕೇಳದೆ ಬಂದ ಮೂಟೆಗಳನ್ನು ಬಿಚ್ಚಿ, ವಿಂಗಡಿಸಿ, ಒಗೆಯುವ ಹೊರೆ ಕೊನೆಗೆ ಬೀಳುವುದು ಮೊದಲೇ ದಣಿದಿರುವ ಸಿಬ್ಬಂದಿಯ ಮೇಲೆ.

ಜನ ಕೊಟ್ಟರೆಂಬ ಕಾರಣಕ್ಕೆ ಸರ್ಕಾರದ ಹೊಣೆ ಕಡಿಮೆಯಾಗಬಾರದು. ಸುರಕ್ಷಿತ ಉಡುಪು ನರ್ಸ್‌ಗೆ ಸಲ್ಲಬೇಕಾದ ಹಕ್ಕು, ಯಾರೋ ದಯೆಯಿಂದ ಕೊಡುವ ದಾನವಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಯೂ ತನಗೆ ಬೇಕಾದ ದಾಸ್ತಾನನ್ನು, ಊರಿನವರಿಂದ ಪಡೆಯಬಹುದಾದ ವಸ್ತುಗಳ ಪಟ್ಟಿಯನ್ನು, ಅವುಗಳ ಮಾದರಿಯನ್ನು ಈಗಲೇ ಸಿದ್ಧಮಾಡಿಡಲಿ. ಮುಂದಿನ ಸೋಂಕು ಬಂದ ದಿನ ಊರಿನವರ ಉತ್ಸಾಹ ವಾರ್ಡಿನಲ್ಲಿರುವವರಿಗೆ ನಿಜವಾದ ರಕ್ಷಣೆಯಾಗುವುದು ಆಗಲೇ.