ನೂರು ರೂಪಾಯಿಗೆ 26 ಪೈಸೆ

2025ರ ಜುಲೈ ತಿಂಗಳ ಮೊದಲ ವಾರ. ಹೊರಗೆ ಜಡಿಮಳೆ. ನಮ್ಮ ಏಳನೇ ತರಗತಿಯ ಕಿಟಕಿಯಲ್ಲಿ ಸಾಲಾಗಿ ತೆಂಗಿನ ಗೆರಟೆಗಳು, ಗೆರಟೆಯೊಳಗೆ ಒದ್ದೆ ಹತ್ತಿ, ಹತ್ತಿಯ ಮೇಲೆ ಹೆಸರುಕಾಳು. ಕಾಳು ಎಲ್ಲಿಂದ ಬಂತು ಅಂತ ಕೇಳಬೇಡಿ... ಮಧ್ಯಾಹ್ನದ ಊಟದ ಡಬ್ಬದಿಂದ ಎರಡು ಮುಷ್ಟಿ ಕಡಿಮೆಯಾದರೆ ಅಡುಗೆಯ ಅಕ್ಕ ಏನೂ ಹೇಳುವುದಿಲ್ಲ.

ಇದು ಪಾಠದಲ್ಲಿ ಇದ್ದ ಪ್ರಯೋಗವಲ್ಲ. ಆ ದಿನಗಳಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದರು. ಜೂನ್ 25ಕ್ಕೆ ಹೊರಟವರು ಜುಲೈ 15ಕ್ಕೆ ಭೂಮಿಗೆ ವಾಪಸಾದರು. 1984ರಲ್ಲಿ ರಾಕೇಶ್ ಶರ್ಮಾ ಹೋಗಿ ಬಂದ ಮೇಲೆ ಭಾರತದಿಂದ ಹೋದ ಎರಡನೆಯವರು ಇವರು. ಅವರು ಅಲ್ಲಿ ಮಾಡಿದ ಪ್ರಯೋಗಗಳಲ್ಲಿ ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಬರಿಸುವುದೂ ಒಂದು, ಅದನ್ನು ರೂಪಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿಯವರು. ಪತ್ರಿಕೆಯಲ್ಲಿ ಓದಿದಾಗ ನನಗೆ ಖುಷಿಯಾಯಿತು. ಧಾರವಾಡದ ಕಾಳು ಮೇಲೆ ಮೊಳೆಯುವಾಗ ನಮ್ಮ ಕಾಳು ಇಲ್ಲಿ ಮೊಳೆಯಲಿ, ಬೇರು ಅಲ್ಲಿ ಯಾವ ಕಡೆಗೆ ಹೋಗಬಹುದು ಅಂತ ಮಕ್ಕಳು ಊಹಿಸಲಿ ಅಂದುಕೊಂಡೆ. ಊಹಿಸಿದರು ಕೂಡ. "ಅಲ್ಲಿ ಕೆಳಗೆ ಅಂತ ಇಲ್ಲವಲ್ಲ ಸರ್, ಪಾಪ ಬೇರಿಗೆ ದಾರಿ ತಪ್ಪುತ್ತದೆ" ಅಂದಳು ಒಬ್ಬಳು. ಪಠ್ಯಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ವಾಕ್ಯ ನಾನು ಓದಿಲ್ಲ.

ಮರುದಿನ ರಕ್ಷಕರ ಸಭೆ. ಎಲ್ಲ ಮುಗಿದು ಜನ ಕೊಡೆ ಹುಡುಕುತ್ತಿರುವಾಗ ಒಬ್ಬ ತಾಯಿ ಕಿಟಕಿಯ ಹತ್ತಿರ ನಿಂತು ಗೆರಟೆಗಳನ್ನು ನೋಡುತ್ತಿದ್ದರು. ಅವರ ಚಿಕ್ಕ ಮಗ ನನ್ನ ತರಗತಿಯವನು. ದೊಡ್ಡವನಿಗೆ 27 ವರ್ಷ. ಅವನು ಶಾಲೆಗೆ ಬಂದವನಲ್ಲ, ಹಾಸಿಗೆಯಿಂದ ತಾನಾಗಿ ಎದ್ದವನೂ ಅಲ್ಲ. ನಮ್ಮ ಕಡೆಯ ಗೋಡಂಬಿ ಗುಡ್ಡಗಳ ಬುಡದ ಊರುಗಳಲ್ಲಿ ಅದಕ್ಕೆ ಕಾರಣ ಏನು ಅಂತ ಯಾರೂ ಕೇಳುವುದಿಲ್ಲ.

"ಮಾಷ್ಟ್ರೇ, ಇವನು ಮನೆಯಲ್ಲಿ ಹೇಳ್ತಾನೆ, ಅವರೊಬ್ಬರು ಮೇಲೆ ಹೋಗಿ ಬರ್ಲಿಕ್ಕೆ 500 ಕೋಟಿ ಅಂತೆ. ಹೌದಾ?"

ಹೌದು. 500 ಕೋಟಿಗೂ ಹೆಚ್ಚು ಅಂತಲೇ ಪತ್ರಿಕೆಗಳು ಬರೆದಿದ್ದವು. ಒಂದು ಅಮೆರಿಕನ್ ಖಾಸಗಿ ಕಂಪೆನಿಯ ಯಾನದಲ್ಲಿ ನಮ್ಮ ಸರ್ಕಾರ ಒಂದು ಸೀಟಿಗೆ ಕೊಟ್ಟ ಹಣ ಅದು, ತರಬೇತಿಯೂ ಸೇರಿ.

ನಾನು ಮಾಷ್ಟ್ರಲ್ಲವೇ, ಕೂಡಲೇ ಬೋರ್ಡಿನ ಹತ್ತಿರ ಹೋದೆ. 2025-26ರ ಕೇಂದ್ರ ಬಜೆಟ್ 50 ಲಕ್ಷ ಕೋಟಿಗೂ ಮೇಲೆ. ಬಾಹ್ಯಾಕಾಶ ಇಲಾಖೆಗೆ ಕೊಟ್ಟದ್ದು 13,416 ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಸುಮಾರು 26 ಪೈಸೆ. ಅದೇ ಬಜೆಟ್‌ನಲ್ಲಿ ಶಾಲಾ ಶಿಕ್ಷಣಕ್ಕೆ 78,572 ಕೋಟಿ ಉಂಟು. ಗಗನಯಾನದ್ದೇ ಬೇರೆ ತೆಗೆದರೆ, 2018ರ ಕೊನೆಗೆ ಸಂಪುಟ ಒಪ್ಪಿದ್ದು 9,023 ಕೋಟಿ, 2024ರ ಸೆಪ್ಟೆಂಬರಿನಲ್ಲಿ ನಮ್ಮದೇ ನಿಲ್ದಾಣದ ಮೊದಲ ಭಾಗವನ್ನೂ ಸೇರಿಸಿ 20,193 ಕೋಟಿಗೆ ಏರಿಸಿದರು. 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ 144 ರೂಪಾಯಿ, ಅದೂ ಹತ್ತು ವರ್ಷಕ್ಕೆ. ವರ್ಷಕ್ಕೆ ಒಂದು ಚಾಯದ ದುಡ್ಡು ಅಕ್ಕ, ಅಂದೆ.

ಅವರು ಬೋರ್ಡನ್ನು ಓದಿದರು. ನಿಧಾನಕ್ಕೆ ಓದಿದರು. "ಲೆಕ್ಕ ಸರಿ ಉಂಟು ಮಾಷ್ಟ್ರೇ. ನಮ್ಮ ಲೆಕ್ಕ ಮಾತ್ರ ಯಾರೂ ಹೀಗೆ ಬೋರ್ಡಿನಲ್ಲಿ ಬರೆಯುವುದಿಲ್ಲ" ಅಂದು ಕೊಡೆ ಬಿಡಿಸಿ ಹೊರಟರು.

ಅವರು ಹೋದ ಮೇಲೆ ನನಗೇ ನಾಚಿಕೆಯಾಯಿತು. ಲೆಕ್ಕ ತಪ್ಪಾದ್ದರಿಂದ ಅಲ್ಲ, ಲೆಕ್ಕ ಸರಿಯಾಗಿದ್ದದ್ದರಿಂದಲೇ.

ಅವರ ಲೆಕ್ಕ ಏನೆಂದು ಗಡಿಯ ಆಚೆಯಿಂದ ಓದುವವರಿಗೆ ಹೇಳಬೇಕು. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೋಡಂಬಿ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಚಿಮುಕಿಸಿದರು. ಶ್ರೀ ಪಡ್ರೆಯವರಂಥ ಪತ್ರಕರ್ತರು, ಡಾ. ಮೋಹನ ಕುಮಾರರಂಥ ಹಳ್ಳಿಯ ವೈದ್ಯರು ಬರೆದರು, ಕೂಗಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. 2017ರ ಜನವರಿ 10ರಂದು ಅದೇ ಕೋರ್ಟು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಅಂತ ರಾಜ್ಯ ಸರ್ಕಾರಕ್ಕೆ ಹೇಳಿತು. ಸಂತ್ರಸ್ತರು 5,000ಕ್ಕೂ ಮೇಲೆ, ಅಂದರೆ ಹೆಚ್ಚುಕಡಿಮೆ 250 ಕೋಟಿ. ಮೂರು ತಿಂಗಳು ಹೋಯಿತು, ಮೂರು ವರ್ಷವೂ ಹೋಯಿತು. ಐದು ವರ್ಷ ಏನು ಮಾಡುತ್ತಿದ್ದಿರಿ ಅಂತ 2022ರಲ್ಲಿ ಕೋರ್ಟು ಗದರಿದ ಮೇಲೆಯೇ ದುಡ್ಡು ಸರಿಯಾಗಿ ಹೊರಟದ್ದು.

250 ಕೋಟಿ. ಒಂದು ಸೀಟಿನ ಅರ್ಧ. ಆ ತಾಯಿ ಈ ಭಾಗಾಕಾರವನ್ನು ನನಗಿಂತ ಮೊದಲೇ ಮಾಡಿದ್ದರು ಅಂತ ನನಗೀಗ ಅನಿಸುತ್ತದೆ.

ಹಾಗಾದರೆ ಗಗನಯಾನ ನಿಲ್ಲಿಸಬೇಕೇ? ನಮ್ಮ ಸ್ಟಾಫ್ ರೂಮಿನಲ್ಲಿ ಇದರ ಮೇಲೆ ಎರಡು ದಿನ ಜಗಳವಾಯಿತು. ಸಮಾಜ ಪಾಠದ ಟೀಚರು ನಿಲ್ಲಿಸಬೇಕು ಅಂದರು. ಹಿಂದಿ ಮಾಷ್ಟ್ರು ದೇಶದ ಗೌರವ ಅಂದರು. ನಾನು ಎರಡಕ್ಕೂ ಒಪ್ಪಲಿಲ್ಲ, ಹಾಗಾಗಿ ಎರಡೂ ಕಡೆಯಿಂದ ಬೈಸಿಕೊಂಡೆ. ಅಲ್ಲಿ ಪೂರ್ತಿ ಹೇಳಲಿಕ್ಕೆ ಬಿಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಡೆಯ, ಅಂದರೆ ಬಾಹ್ಯಾಕಾಶದ ಪರ ಮಾತಾಡುವವರ, ಒಂದು ಕಳ್ಳಾಟವನ್ನು ಒಪ್ಪಿಕೊಳ್ಳಬೇಕು. ಯಾರಾದರೂ "ಮನುಷ್ಯರನ್ನು ಯಾಕೆ ಕಳಿಸಬೇಕು" ಅಂತ ಕೇಳಿದ ಕೂಡಲೇ ನಾವು ಉಪಗ್ರಹಗಳ ಪ್ರಯೋಜನ ಹೇಳಲು ಶುರು ಮಾಡುತ್ತೇವೆ. ಚಂಡಮಾರುತದ ಮುನ್ಸೂಚನೆ, ಮೀನುಗಾರರಿಗೆ ಮೀನು ಸಿಗುವ ಜಾಗದ ಮಾಹಿತಿ, ಟಿವಿ, ಫೋನು. ಇವೆಲ್ಲ ನಿಜ. ಉಪಗ್ರಹದ ಪ್ರಯೋಜನ ನಮ್ಮ ಮಕ್ಕಳಿಗಂತೂ ಬಾಯಿಪಾಠ: ರೆಡ್ ಅಲರ್ಟ್ ಬಂದರೆ ಕಲೆಕ್ಟರ್ ರಜೆ ಕೊಡುತ್ತಾರೆ! 1975-76ರಲ್ಲಿ ಸೈಟ್ ಎಂಬ ಪ್ರಯೋಗ ನಡೆದಾಗ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದಿಂದ ಟಿವಿ ಪಾಠ ಬಂದಿತ್ತು, ಕರ್ನಾಟಕದ ಹಳ್ಳಿಗಳಿಗೆ ಕನ್ನಡದಲ್ಲೇ. ಆದರೆ ಇದರಲ್ಲಿ ಯಾವುದಕ್ಕೂ ಮೇಲೆ ಮನುಷ್ಯ ಕೂತಿರಬೇಕಾಗಿಲ್ಲ. ವಿಕ್ರಮ್ ಸಾರಾಭಾಯಿಯವರೇ ಹೇಳಿದ್ದರು, ಚಂದ್ರ, ಗ್ರಹ, ಮಾನವ ಯಾನ ಇವುಗಳಲ್ಲಿ ಶ್ರೀಮಂತ ದೇಶಗಳ ಜತೆ ಪೈಪೋಟಿಗೆ ಇಳಿಯುವ ಭ್ರಮೆ ನಮಗಿಲ್ಲ ಎಂದು. ಅವರ ಫೋಟೋ ಹಾಕಿ ಗಗನಯಾನದ ಕ್ವಿಜ್ ಮಾಡುವವರು (ನಾನೂ ಮಾಡಿದ್ದೇನೆ) ಈ ಮಾತನ್ನು ಮಕ್ಕಳಿಗೆ ಹೇಳುವುದಿಲ್ಲ.

ಇನ್ನೊಂದು ಕಡೆಯ ವಾದದಲ್ಲೂ ತೂತು ಉಂಟು. 1969ರ ಜುಲೈ 15ರಂದು, ಅಪೊಲೊ 11 ಹಾರುವ ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗ್ ಅವರ ಒಡನಾಡಿ ರಾಲ್ಫ್ ಅಬರ್ನಾತಿ ಬಡವರನ್ನು ಕರೆದುಕೊಂಡು, ಹೇಸರಗತ್ತೆಯ ಗಾಡಿಯ ಜತೆ ಉಡಾವಣಾ ಕೇಂದ್ರಕ್ಕೆ ಹೋದರು. ಇಲ್ಲಿ ಹಸಿವು, ಅಲ್ಲಿ ಚಂದ್ರ, ಇದು ಯಾವ ನ್ಯಾಯ ಅಂತ ಕೇಳಿದರು. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಹೊರಗೆ ಬಂದು ಅವರೆದುರು ನಿಂತರು. ಗುಂಡಿ ಒತ್ತದೆ ಇದ್ದರೆ ಬಡತನ ಹೋಗುವುದಾದರೆ ನಾವು ಗುಂಡಿ ಒತ್ತುವುದಿಲ್ಲ ಎಂಬರ್ಥದ ಮಾತು ಹೇಳಿದರು. ಮರುದಿನ ಉಡಾವಣೆ ನೋಡಲು ಕೆಲವು ಬಡ ಕುಟುಂಬಗಳಿಗೆ ಜಾಗವನ್ನೂ ಕೊಟ್ಟರು. ಆಗ ನಾಸಾದ ಪಾಲು ಇಂದಿನ ನಮ್ಮ 26 ಪೈಸೆಯಂತಲ್ಲ, 1966ರಲ್ಲಿ ಅಮೆರಿಕದ ಬಜೆಟ್ಟಿನ ನೂರಕ್ಕೆ 4ಕ್ಕೂ ಮೇಲೆ ಇತ್ತು. ಆಮೇಲೆ ಕಡಿತ ಬಂತು. ಅಪೊಲೊ 18, 19, 20 ರದ್ದಾದವು, 1972ರ ಡಿಸೆಂಬರಿನ ನಂತರ ಚಂದ್ರನ ಮೇಲೆ ಯಾರೂ ಕಾಲಿಟ್ಟಿಲ್ಲ. ಅಮೆರಿಕದ ಬಡತನ ಹೋಯಿತೇ? ಹೇಸರಗತ್ತೆಯ ಗಾಡಿಯಲ್ಲಿ ಬಂದವರ ಮನೆಗೆ ಆ ಡಾಲರು ತಲುಪಲಿಲ್ಲ.

ನಮ್ಮಲ್ಲೂ ಅಷ್ಟೇ. ಗಗನಯಾನದ ದುಡ್ಡು ದೆಹಲಿಯ ಪೆಟ್ಟಿಗೆಯದ್ದು, ಪರಿಹಾರ ಕೊಡಬೇಕಾದದ್ದು ತಿರುವನಂತಪುರದ ಪೆಟ್ಟಿಗೆ. ಶುಕ್ಲಾ ಹೋಗದೆ ಇದ್ದಿದ್ದರೆ ಆ 500 ಕೋಟಿ ನಮ್ಮ ಪಂಚಾಯತಿಗೆ ಬರುತ್ತಿತ್ತು ಅಂತ ನಂಬುವಷ್ಟು ಮುಗ್ಧರು ಕಾಸರಗೋಡಿನಲ್ಲಿ ಯಾರೂ ಇಲ್ಲ. 2013ರಲ್ಲಿ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದರು. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ಕರ್ನಾಟಕ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆ ಬಿಟ್ಟರೆ ಬೇರೆ ಗತಿಯಿಲ್ಲದ ನಮ್ಮವರು ದಾರಿಯಲ್ಲೇ ಪ್ರಾಣ ಬಿಟ್ಟರು. ಏಳು ವರ್ಷದಲ್ಲಿ ಆ ಆಸ್ಪತ್ರೆ ಎದ್ದು ನಿಲ್ಲದೆ ಇದ್ದದ್ದಕ್ಕೆ ಯಾವ ರಾಕೆಟ್ಟೂ ಕಾರಣವಲ್ಲ.

ಹಾಗಿದ್ದರೆ ಮನುಷ್ಯನನ್ನು ಕಳಿಸುವುದರ ಪರವಾಗಿ ಏನು ಉಳಿಯಿತು? ನನಗೆ ಉಳಿದದ್ದು ಒಂದೇ, ಆದರೆ ಅದು ಸಣ್ಣದಲ್ಲ. ಸರ್ಕಾರ ಕೈಬಿಟ್ಟರೂ ಮನುಷ್ಯ ಮೇಲೆ ಹೋಗುವುದು ನಿಲ್ಲುವುದಿಲ್ಲ, ಹೋಗುವವರು ಮಾತ್ರ ಬದಲಾಗುತ್ತಾರೆ. 2001ರಲ್ಲಿ ಡೆನಿಸ್ ಟಿಟೊ ಸುಮಾರು 2 ಕೋಟಿ ಡಾಲರ್ ಕೊಟ್ಟು ಹೋದರು. 2021ರ ಜುಲೈಯಲ್ಲಿ ಜೆಫ್ ಬೆಜೋಸ್ ತಮ್ಮದೇ ರಾಕೆಟ್ಟಿನಲ್ಲಿ ಹತ್ತು ನಿಮಿಷ ಹೋಗಿ ಬಂದರು. ಅಲ್ಲಿ ಟಿಕೆಟು ಇದ್ದವನಿಗೆ ದಾರಿ. 2024ರ ಫೆಬ್ರವರಿ 27ರಂದು ತುಂಬದಲ್ಲಿ ಹೆಸರು ಹೇಳಿದ ನಾಲ್ವರು, ಪಾಲಕ್ಕಾಡಿನ ನೆನ್ಮಾರದ ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ, ಇವರು ಯಾರೂ ಟಿಕೆಟು ಕೊಂಡವರಲ್ಲ. ಎಲ್ಲರೂ ವಾಯುಸೇನೆಯ ಪೈಲಟ್‌ಗಳು, ಆ ಬಾಗಿಲು ತುಂಬ ಸಣ್ಣದು, ಗಂಡಸರಿಗೆ ಮಾತ್ರ ತೆರೆದಂತೆ ಕಂಡದ್ದೂ ನಿಜ. ಆದರೂ ಅದು ಪರೀಕ್ಷೆಯ ಬಾಗಿಲು. ಬೇರಿಗೆ ದಾರಿ ತಪ್ಪುತ್ತದೆ ಅಂದ ನನ್ನ ಹುಡುಗಿಯ ಅಪ್ಪ ಅಡಿಕೆ ಸುಲಿಯುವವರು. ಅವಳಿಗೆ ಬಾಹ್ಯಾಕಾಶಕ್ಕೆ ಒಂದು ದಾರಿ ಇರಬೇಕಾದರೆ ಅದು ಸಾರ್ವಜನಿಕ ದುಡ್ಡಿನ ದಾರಿಯೇ. ಸರ್ಕಾರಿ ಶಾಲೆ ಯಾಕೆ ಬೇಕೋ ಅದೇ ಕಾರಣಕ್ಕೆ ಸರ್ಕಾರಿ ಗಗನಯಾನ ಬೇಕು.

ಆದ್ದರಿಂದ ನಾನು 26 ಪೈಸೆಯ ಪರ. ಬೇಕಾದರೆ 30 ಆಗಲಿ.

ಆದರೆ ಆ ಪೈಸೆ ಕೊಡುವವರಿಗೆ ನಾವು ಕೊಡಬೇಕಾದ ಉತ್ತರ "ವರ್ಷಕ್ಕೆ ಒಂದು ಚಾಯದ ದುಡ್ಡು" ಅಲ್ಲ. ನಾನು ಹೇಳಿದ್ದು ಅಲ್ಲೇ ತಪ್ಪಿತು. ತುಂಬದಲ್ಲಿ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರುವ ಮೊದಲು ಅಲ್ಲಿನ ಮೀನುಗಾರರು ತಮ್ಮ ಮೇರಿ ಮಗ್ದಲೀನ್ ಇಗರ್ಜಿಯನ್ನೂ ಮನೆಗಳನ್ನೂ ಬಿಟ್ಟುಕೊಟ್ಟರು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರ ಇಗರ್ಜಿಯಲ್ಲೇ ಜನರ ಮುಂದೆ ವಿಷಯ ಇಟ್ಟು ಕೇಳಿದ್ದರು. ಕೇಳಿದ್ದು ಮುಖ್ಯ. ಕೇರಳದ ರಾಕೆಟ್ಟಿನ ಕತೆ ಶುರುವಾದದ್ದು ಬಡವರ ಒಪ್ಪಿಗೆಯಿಂದ. ಈಗ ತಿರುವನಂತಪುರದಲ್ಲಿ ರಾಕೆಟ್, ಬೆಂಗಳೂರಿನಲ್ಲಿ ಮಾನವ ಯಾನ ಕೇಂದ್ರ, ಮೈಸೂರಿನಲ್ಲಿ ಯಾತ್ರಿಗಳ ಊಟ, ಧಾರವಾಡದಲ್ಲಿ ಮೊಳಕೆ. ಒಂದಕ್ಕೆ ನಾವು ಉತ್ತರದ ತುದಿ, ಉಳಿದವಕ್ಕೆ ಗಡಿಯಾಚೆ. ಎರಡು ರಾಜ್ಯಗಳ ಹೆಮ್ಮೆಯ ನಡುವೆ ಕೂತ ನಮ್ಮನ್ನು ಯಾರೂ ಏನೂ ಕೇಳಿದ್ದಿಲ್ಲ. (2020ರಲ್ಲಿ ಬೆಂಗಳೂರಿನಲ್ಲಿ ತೋರಿಸಿದ ಯಂತ್ರಮಾನವಿ ವ್ಯೋಮಮಿತ್ರಳಿಗೆ ಎರಡು ಭಾಷೆ ಬರುತ್ತದಂತೆ, ಹಿಂದಿ ಮತ್ತು ಇಂಗ್ಲಿಷು. ಹುಟ್ಟಿದ ಊರಿನ ಭಾಷೆ ಬರುವುದಿಲ್ಲ. ನನ್ನ ಮಕ್ಕಳಿಗೆ ಅವಳ ಮೇಲೆ ಸ್ವಲ್ಪ ಸಿಟ್ಟು ಉಂಟು.)

ಗಗನಯಾನವೂ ಹೇಳಿದ ಹೊತ್ತಿಗೆ ಆಗಿಲ್ಲ. 2022ಕ್ಕೆ ಅಂದದ್ದು, ಈಗ ಮನುಷ್ಯರು ಹೋಗುವುದು 2027ಕ್ಕೆ ಅನ್ನುತ್ತಿದ್ದಾರೆ. ಅದಕ್ಕೆ ನನಗೆ ಬೇಸರವಿಲ್ಲ. 2023ರ ಅಕ್ಟೋಬರ್ 21ರಂದು ಪಾರಾಗುವ ವ್ಯವಸ್ಥೆಯ ಪರೀಕ್ಷೆಯಲ್ಲಿ ಕೌಂಟ್‌ಡೌನ್ 5 ಸೆಕೆಂಡು ಬಾಕಿ ಇರುವಾಗ ನಿಂತಿತು. ಯಾಕೆ ನಿಂತಿತು ಅಂತ ಹುಡುಕಿ, ದೇಶದ ಎದುರೇ ಹೇಳಿ, ಸರಿ ಮಾಡಿ, ಅದೇ ಬೆಳಿಗ್ಗೆ ಹಾರಿಸಿದರು. ತರಗತಿಯಲ್ಲಿ ಅದನ್ನು ಮಕ್ಕಳ ಜತೆ ಮತ್ತೊಮ್ಮೆ ನೋಡುವಾಗ ನನಗೆ ಅನಿಸಿದ್ದು ಇದು: ಮೂರು ತಿಂಗಳು ಅಂತ ಕೋರ್ಟು ಹೇಳಿದ ಕೆಲಸ ನಿಂತಾಗ ಯಾಕೆ ನಿಂತಿತು ಅಂತ ಒಬ್ಬರಾದರೂ ಹೀಗೆ ಮೈಕಿನ ಮುಂದೆ ಬಂದು ಹೇಳಿದ್ದರೆ! ಆ ತಾಯಿ ಕೇಳಿದ್ದು ರಾಕೆಟ್ಟಿನ ದುಡ್ಡನ್ನಲ್ಲ, ರಾಕೆಟ್ಟಿಗೆ ಸಿಗುವ ಆ ಗಮನವನ್ನು.

ಕಳೆದ ವಾರ ಅವರು ಮತ್ತೆ ಸಿಕ್ಕಿದರು, ಬಸ್ ಸ್ಟ್ಯಾಂಡಿನಲ್ಲಿ. ಗಗನಯಾನ ಹೋಗುವ ದಿನ ಶಾಲೆಯಲ್ಲಿ ಪ್ರೊಜೆಕ್ಟರ್ ಹಾಕುತ್ತೇವೆ, ನೀವೂ ಬನ್ನಿ ಅಂದೆ. "ಬರ್ತೇನೆ ಮಾಷ್ಟ್ರೇ, ದೊಡ್ಡವನನ್ನು ನೋಡಿಕೊಳ್ಳಲಿಕ್ಕೆ ಯಾರಾದರೂ ಸಿಕ್ಕಿದರೆ" ಅಂದರು. ಆಮೇಲೆ ನಗುತ್ತಾ, "ಅವತ್ತು ಬೋರ್ಡು ಒರೆಸಿ ಇಡಿ" ಅಂದರು. ಅಷ್ಟರಲ್ಲಿ ಬಸ್ಸು ಬಂತು.