ಮಾರುವಾಗ ಕಲೆ, ಕೂಲಿ ಕೊಡುವಾಗ ಹವ್ಯಾಸ!



ವಸ್ತ್ರಾಪುರದ ಕೆರೆಯ ಬಳಿಯ ಹಾಟ್‌ನಲ್ಲಿ ನಡೆಯುವ ಕರಕುಶಲ ಮೇಳಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಕಚ್ಛದ ಕನ್ನಡಿ ಕೆಲಸದ ರವಿಕೆ, ಬನಾಸಕಾಂಠದ ಕಸೂತಿಯ ತೋರಣ, ತುಂಡು ಬಟ್ಟೆ ಜೋಡಿಸಿ ಹೊಲಿದ ಹೊದಿಕೆ, ಎಲ್ಲವನ್ನೂ ಕೈಯಲ್ಲಿ ಹಿಡಿದು “ಆಹಾ, ಎಂತಹ ಕಲೆ!” ಎಂದು ಜನ ತಲೆದೂಗುತ್ತಾರೆ. ನಿಜ, ಕಲೆಯೇ. ಆದರೆ ಅದೇ ಹೆಂಗಸು ಅದೇ ಸೂಜಿಯಿಂದ ವ್ಯಾಪಾರಿಗೆ ಹೊಲಿದುಕೊಟ್ಟು ನ್ಯಾಯವಾದ ಕೂಲಿ ಕೇಳಲಿ, ಉತ್ತರವೇ ಬೇರೆ: “ಬಿಡುವಿದ್ದಾಗ ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಇಷ್ಟು ಸಾಲದೇ?” ಮಾರುವಾಗ ಕಲೆ, ಕೂಲಿ ಕೊಡುವಾಗ ಹವ್ಯಾಸ! ಇದು ಯಾವ ಊರಿನ ನ್ಯಾಯ?

ವ್ಯಾಪಾರಿ ಹೀಗೆ ಹೇಳುವುದರಲ್ಲಿ ಆಶ್ಚರ್ಯವಿಲ್ಲ. ಹಾಗೆ ಹೇಳುವುದರಲ್ಲೇ ಅವನ ಲಾಭ ಉಂಟು. ನಮಗೆ ನೋವಾಗುವುದು ಕಾರ್ಮಿಕರಾದ ನಮ್ಮವರ ಬಾಯಲ್ಲೇ ಈ ಮಾತು ಬಂದಾಗ. ಮನೆಯಲ್ಲಿ ಹೊಲಿಗೆ ಹೊಲಿದು, ಸೀರೆಗೆ ಫಾಲ್ ಹಚ್ಚಿ, ಕಸೂತಿ ಹಾಕಿ ಸಂಪಾದಿಸುತ್ತಿರುವ ನಮ್ಮ ಅಕ್ಕತಂಗಿಯರನ್ನು ಸಂಘದ ಪೂರ್ಣ ಸದಸ್ಯರನ್ನಾಗಿ ಮಾಡಬೇಕು ಎಂದೊಡನೆ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. “ಅವರಿಗೆ ಮಹಿಳಾ ವಿಭಾಗ ಉಂಟಲ್ಲ, ನವರಾತ್ರಿಗೆ ರಂಗೋಲಿ ಸ್ಪರ್ಧೆ ಇಡೋಣ” ಎನ್ನುತ್ತಾರೆ. ಅಂಥವರಿಗೆ ಉತ್ತರವನ್ನು ದೂರದಿಂದ ತರಬೇಕಾಗಿಲ್ಲ. ಈ ಅಹಮದಾಬಾದಿನ ಬೀದಿಗಳಲ್ಲೇ ಅದು ಬರೆದಿಟ್ಟ ಹಾಗೆ ಉಂಟು.

ಈ ಊರಿನ ಗಿರಣಿ ಕಾರ್ಮಿಕರ ಸಂಘಟನೆಯ ಮೂಲದಲ್ಲೇ ಒಬ್ಬ ಹೆಂಗಸು ಇದ್ದಾರೆ. 1918ರ ಮುಷ್ಕರದಲ್ಲಿ ಗಾಂಧೀಜಿಯವರ ಜೊತೆಗೆ ಕಾರ್ಮಿಕರ ಪಕ್ಷದಲ್ಲಿ ನಿಂತವರು ಅನಸೂಯಾ ಸಾರಾಭಾಯಿ. ಎದುರು ಪಕ್ಷದಲ್ಲಿದ್ದ ಗಿರಣಿ ಮಾಲೀಕರಲ್ಲಿ ಅವರ ಒಡಹುಟ್ಟಿದ ತಮ್ಮ ಅಂಬಾಲಾಲರೇ ಇದ್ದರು. 1920ರಲ್ಲಿ ಮಜೂರ್ ಮಹಾಜನ ಸಂಘ ಕಟ್ಟಿದಾಗಲೂ ಮುಂದಾಳು ಈ ತಾಯಿಯೇ. ಹಾಗಿದ್ದೂ ಆ ಸಂಘ ಬೆಳೆದಂತೆ ಗಂಡಸರ ಸಂಘವಾಯಿತು. 1954ರಲ್ಲಿ ಅಲ್ಲಿ ಮಹಿಳಾ ವಿಭಾಗ ತೆರೆದರು. ಗಿರಣಿ ಕಾರ್ಮಿಕರ ಹೆಂಡಿರು ಮಕ್ಕಳಿಗೆ ಹೊಲಿಗೆ, ಹೆಣಿಗೆ, ಕಸೂತಿ ಕಲಿಸಿದರು. ಒಳ್ಳೆಯದೇ. ಆದರೆ ಕಲಿತ ಕೈ ದುಡಿಯತೊಡಗಿದ ಮೇಲೆ ಆ ದುಡಿಮೆಯ ಬೆಲೆ ಕೇಳುವವರು ಯಾರು?

ಆ ಪ್ರಶ್ನೆಯನ್ನು ಎತ್ತಿದವರು ಅದೇ ಮಹಿಳಾ ವಿಭಾಗದ ಮುಖ್ಯಸ್ಥೆಯಾಗಿದ್ದ ವಕೀಲೆ ಇಳಾ ಭಟ್. 1971ರಲ್ಲಿ ಬಟ್ಟೆ ಮಾರುಕಟ್ಟೆಯಲ್ಲಿ ತಲೆಹೊರೆ ಹೊರುವ ಹೆಂಗಸರು ಅವರ ಬಳಿಗೆ ಬಂದು, ಎಷ್ಟು ಸಲ ಹೊತ್ತರೂ ವ್ಯಾಪಾರಿಗಳು ಲೆಕ್ಕ ತಪ್ಪಿಸಿ ಕಡಿಮೆ ಕೂಲಿ ಕೊಡುತ್ತಾರೆಂದು ದೂರಿದರು. ಅವರು ಅದನ್ನು ಪತ್ರಿಕೆಯಲ್ಲಿ ಬರೆದರು. ವ್ಯಾಪಾರಿಗಳು ಸುಮ್ಮನಿರದೆ, ನಾವು ನ್ಯಾಯವಾದ ದರವನ್ನೇ ಕೊಡುತ್ತಿದ್ದೇವೆ ಎಂದು ಪತ್ರಿಕೆಯಲ್ಲೇ ಮಾರುತ್ತರ ಕೊಟ್ಟರು. ಮಹಿಳಾ ವಿಭಾಗದವರು ಏನು ಮಾಡಿದರು ಗೊತ್ತೇ? ವ್ಯಾಪಾರಿಗಳು ಹೇಳಿಕೊಂಡ ದರವನ್ನೇ ಕಾರ್ಡುಗಳಲ್ಲಿ ಅಚ್ಚುಹಾಕಿಸಿ ಹೊರೆ ಹೊರುವವರ ಕೈಗೆ ಹಂಚಿದರು. ಧಣಿಯ ಬಾಯಿಮಾತನ್ನೇ ಧಣಿಯ ಮುಂದೆ ಹಿಡಿದದ್ದು! ಇದಕ್ಕಿಂತ ಚುರುಕಾದ ಹೋರಾಟವನ್ನು ಯಾವ ಗಂಡಸರ ಸಂಘ ಮಾಡಿದೆ, ಹೇಳಿ?

ಸುದ್ದಿ ಹಬ್ಬಿತು. ಹಳೆ ಬಟ್ಟೆ ಮಾರುವ ಹೆಂಗಸರು ನೂರಕ್ಕೂ ಹೆಚ್ಚು ಮಂದಿ ಒಂದು ಉದ್ಯಾನದಲ್ಲಿ ಸೇರಿದರು. ನಮಗೆ ನಮ್ಮದೇ ಸಂಘ ಬೇಕು ಎಂಬ ಮಾತು ಆ ಗುಂಪಿನ ನಡುವಿನಿಂದಲೇ ಬಂದಿತು. ಹಾಗೆ ಹುಟ್ಟಿದ್ದು ಸ್ವಯಂ ಉದ್ಯೋಗಿ ಮಹಿಳೆಯರ ಸಂಘ, ‘ಸೇವಾ’. ನೋಂದಾಯಿಸಲು ಹೋದರೆ ಕಾರ್ಮಿಕ ಇಲಾಖೆಯವರು ತಕರಾರು ತೆಗೆದರು: ನಿಮಗೆ ಧಣಿಯೇ ಇಲ್ಲ, ಯಾರ ಮೇಲೆ ಹೋರಾಡುತ್ತೀರಿ, ನಿಮ್ಮದು ಕಾರ್ಮಿಕ ಸಂಘ ಹೇಗಾಗುತ್ತದೆ? ಸಂಘವೆಂದರೆ ಯಾರದೋ ವಿರುದ್ಧ ಮಾತ್ರವಲ್ಲ, ದುಡಿಯುವವರು ಒಬ್ಬರಿಗೊಬ್ಬರು ಆಗುವುದಕ್ಕೂ ಹೌದು ಎಂದು ವಾದಿಸಿ, 1972ರ ಏಪ್ರಿಲಿನಲ್ಲಿ ನೋಂದಣಿ ಪಡೆದರು.

ಈಗ ದರಿಯಾಪುರದ ಚಿಂದಿ ಕೆಲಸವನ್ನು ನೋಡಿ. ಗಿರಣಿಯಲ್ಲಿ ಉಳಿದ ತುಂಡು ಬಟ್ಟೆಗೆ ಗುಜರಾತಿಯಲ್ಲೂ ಚಿಂದಿ ಎಂದೇ ಹೆಸರು. ಅದನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ, ಜೋಡಿಸಿ, ಹೊದಿಕೆಯ ‘ಖೋಳ’ ಹೊಲಿಯುವುದು ಅಲ್ಲಿನ ಹೆಂಗಸರ ಕೆಲಸ. ನಮ್ಮ ಧಾರವಾಡ, ಬಿಜಾಪುರದ ಕಡೆಯ ಕೌದಿಯನ್ನು ನೆನೆದುಕೊಳ್ಳಿ. ಗಿರಣಿಯಿಂದ ಚಿಂದಿ ಎತ್ತುವವನು ವ್ಯಾಪಾರಿ, ತೂಗಿ ಕೊಡುವವನು ವ್ಯಾಪಾರಿ, ಹೊಲಿದದ್ದನ್ನು ಎಣಿಸಿ ಕೊಳ್ಳುವವನೂ ವ್ಯಾಪಾರಿ. ಹೊಲಿಯುವವಳ ಪಾಲಿಗೆ ಖೋಳಕ್ಕೆ ಇಷ್ಟೆಂಬ ಚಿಲ್ಲರೆ ಕಾಸು. ಆ ಚಿಲ್ಲರೆಯಲ್ಲೇ ನೂಲಿನ ಖರ್ಚು, ಮೆಷಿನ್ ರಿಪೇರಿ, ದೀಪದ ಖರ್ಚು ಎಲ್ಲ ಕಳೆಯಬೇಕು.

ಈ ಹೆಂಗಸರು ಸೇವಾದಲ್ಲಿ ಸೇರಿ ದರ ಏರಿಸಬೇಕೆಂದು ಕೇಳಿದರು. ವ್ಯಾಪಾರಿಗಳು ಮೊದಲು ಒಪ್ಪಿದರು. ಆಮೇಲೆ ಮುಂದಾಳಾದವರಿಗೆ ಚಿಂದಿ ಕೊಡುವುದನ್ನೇ ನಿಲ್ಲಿಸಿದರು. ಹೊಟೇಲಿನಲ್ಲಿ ಸಂಘದ ಹೆಸರೆತ್ತಿದ ಮಾಣಿಯನ್ನು ಮರುದಿನ “ಕೆಲಸ ಇಲ್ಲ, ಊರಿಗೆ ಹೋಗು” ಎಂದು ಕಳಿಸುವುದಿಲ್ಲವೇ, ಅದೇ ರೀತಿ. ಆದರೆ ಆ ಹೆಂಗಸರು ಊರಿಗೆ ಹೋಗಲಿಲ್ಲ. ತಾವೇ ಚಿಂದಿ ತರಿಸಿ, ತಾವೇ ಕೂಡಿ ಹೊಲಿದು, ತಾವೇ ಮಾರತೊಡಗಿದರು. ‘ಸಬೀನಾ’ ಎಂಬ ಸಹಕಾರಿ ಸಂಘ ಹೀಗೆ ಎದ್ದು ನಿಂತಿತು. ಕೂಲಿಯಾಳಾಗಿದ್ದವಳು ಉದ್ಯಮಿಯಾದಳು. ಒಬ್ಬಳೇ ಆದದ್ದಲ್ಲ, ಒಬ್ಬಳಿಗೆ ಕೆಲಸ ತಪ್ಪಿದರೆ ಉಳಿದವರು ಕೈಬಿಡಬಾರದೆಂಬ ಕಟ್ಟಿನಿಂದ ಆದದ್ದು.

ದುಡ್ಡಿನ ಮಾತೂ ಹಾಗೆಯೇ. ಮೆಷಿನ್ ಕೊಳ್ಳಲು, ನೂಲು ತರಲು ಸಾಲ ಬೇಕು. ಬಡ್ಡಿಯವನ ಬಳಿ ಹೋದರೆ ಬಡ್ಡಿ ಕಟ್ಟುವುದರಲ್ಲೇ ಜನ್ಮ ಮುಗಿಯುತ್ತದೆ. ಬ್ಯಾಂಕಿಗೆ ಹೋದರೆ ಗುಮಾಸ್ತ ಮುಖವೆತ್ತಿ ನೋಡುವುದಿಲ್ಲ. 1974ರಲ್ಲಿ 4,000 ಹೆಂಗಸರು ತಲೆಗೆ 10 ರೂಪಾಯಿಯಂತೆ ಹಾಕಿ ತಮ್ಮದೇ ಸಹಕಾರಿ ಬ್ಯಾಂಕು ತೆರೆದರು. ಅಕ್ಷರ ಬಾರದವರೆಂದು ಯಾರನ್ನೂ ಹೊರಗಿಡಲಿಲ್ಲ. ಓದು ಬಾರದವಳಿಗೆ ಲೆಕ್ಕ ಬಾರದೆಂದು ಯಾರು ಹೇಳಿದರು? ಮುಂಬಯಿಯ ಗಿರ್‌ಗಾಂವಿನಲ್ಲಿ 1959ರಲ್ಲಿ 7 ಜನ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತಲು ಕೂತರು. ನಮ್ಮ ಹೊಟೇಲುಗಳ ಊಟದ ತಟ್ಟೆಗೆ ಬರುವ ಲಿಜ್ಜತ್ ಹಪ್ಪಳ ಹುಟ್ಟಿದ್ದು ಅಲ್ಲಿ. ಅಲ್ಲಿ ಹಪ್ಪಳ ಒತ್ತುವವಳೇ ಪಾಲುದಾರಳು.

“ಹೆಂಗಸರು ಬಂದರೆ ಸಂಘ ಒಡೆಯುತ್ತದೆ” ಎನ್ನುವವರು ಕಿವಿಗೊಟ್ಟು ಕೇಳಲಿ. 1981ರಲ್ಲಿ ಈ ಊರಿನಲ್ಲಿ ಮೀಸಲಾತಿಯ ವಿರುದ್ಧ ದೊಡ್ಡ ಗಲಭೆಯಾಯಿತು. ದಲಿತರ ಮನೆಗಳ ಮೇಲೆ ದಾಳಿ ನಡೆದಾಗ ಸೇವಾದ ಹೆಂಗಸರು ದಲಿತರ ಪರವಾಗಿ ಬಾಯಿಬಿಟ್ಟು ಮಾತಾಡಿದರು. ಅದೇ ವರ್ಷ ಮಜೂರ್ ಮಹಾಜನ ಅವರನ್ನು ಹೊರಗೆ ಹಾಕಿತು. ಒಡೆದವರು ಯಾರು? ಮಾತಾಡಿದವರೋ, ಮಾತು ಸಹಿಸದೆ ಬಾಗಿಲು ಮುಚ್ಚಿದವರೋ? ಹೊರಗೆ ಬಿದ್ದವರು ಸಾಯಲಿಲ್ಲ. ಇಂದು ಅವರ ಸದಸ್ಯತ್ವ 20 ಲಕ್ಷವನ್ನು ಮೀರಿದೆ. 2003ರಲ್ಲಿ ಬನಾಸಕಾಂಠ, ಕಚ್ಛದ ಕಸೂತಿಗಾರ್ತಿಯರು ತಾವೇ ಷೇರುದಾರರಾಗಿ ಕಂಪೆನಿ ಕಟ್ಟಿದರು. ಅವರ ಬಟ್ಟೆಗೆ ‘ಹನ್ಸಿಬಾ’ ಎಂದು ಹೆಸರು. ಅದು ಯಾವ ಸೇಠನ ಹೆಸರೂ ಅಲ್ಲ, ಒಬ್ಬ ಹಿರಿಯ ಕಸೂತಿಗಾರ್ತಿಯ ಹೆಸರು.

ಇತ್ತ ಗಿರಣಿಗಳ ಗತಿ ಏನಾಯಿತು? 1980, 90ರ ದಶಕಗಳಲ್ಲಿ ಒಂದರ ಹಿಂದೊಂದು ಬಾಗಿಲು ಹಾಕಿ ಹತ್ತಾರು ಸಾವಿರ ಗಂಡಸರು ಬೀದಿಗೆ ಬಿದ್ದರು. ಕ್ಯಾಲಿಕೋ ಗಿರಣಿ ಹೋಯಿತು. ಕ್ಯಾಲಿಕೋ ಹೆಸರಿನ ಬಟ್ಟೆಯ ವಸ್ತುಸಂಗ್ರಹಾಲಯ ಮಾತ್ರ ಉಳಿಯಿತು. ಗಂಡನ ಪಗಾರ ನಿಂತ ಅನೇಕ ಮನೆಗಳಲ್ಲಿ ಒಲೆ ಆರದಂತೆ ನೋಡಿಕೊಂಡದ್ದು ಹೆಂಡತಿಯ ಸೂಜಿ, ಬೀಡಿ, ತರಕಾರಿ ಬುಟ್ಟಿ. ಅದು ಹವ್ಯಾಸವೇ? ಸೂರತ್ತಿನಲ್ಲಿ ಈ ಹೊತ್ತಿಗೂ ಸೀರೆಗೆ ಹರಳು ಅಂಟಿಸುವವರು, ಕಸೂತಿಯ ನೂಲು ಕತ್ತರಿಸುವವರು ಮನೆಯಲ್ಲಿ ಕೂತ ಹೆಂಗಸರು. ರಿಂಗ್ ರೋಡಿನ ಮಾರುಕಟ್ಟೆಯಲ್ಲಿ ಗಾದಿಯ ಮೇಲೆ ಕೂತವರು ಯಾರೆಂಬುದನ್ನು ನಾವು ಹೇಳಬೇಕಾಗಿಲ್ಲ.

ನಾವು ಹೊಟೇಲಿನಲ್ಲಿ ಬೆಂಚು ಒರಸಿ, ಗ್ಲಾಸು ತೊಳೆದು ಬೆಳೆದವರು. ನಮಗೆ ಇದು ಅರ್ಥವಾಗದ ವಿಷಯವಲ್ಲ. ಹಿಟ್ಟಿನ ಹದ, ಸಾರಿನ ಒಗ್ಗರಣೆ, ಕೊಟ್ಟೆ ಕಡುಬಿನ ಕೊಟ್ಟೆ, ಇವೆಲ್ಲ ತಾಯಂದಿರ ಕೈಯಿಂದ ಬಂದ ವಿದ್ಯೆ. ಅದನ್ನೇ ಗಂಡಸು ಹೊಟೇಲಿನಲ್ಲಿ ಮಾಡಿದರೆ ‘ಭಟ್ಟರು’, ಅವರಿಗೆ ಸಂಬಳ, ಮರ್ಯಾದೆ. ತಾಯಿ ಮಾಡಿದರೆ ‘ಮನೆಗೆಲಸ’. ಅಂಗಡಿಯಲ್ಲಿ ಕತ್ತರಿ ಹಿಡಿದವನು ‘ಮಾಸ್ಟರ್’. ಮನೆಯಲ್ಲಿ ಸೂಜಿ ಹಿಡಿದವಳು ‘ಇಂಥವನ ಹೆಂಡತಿ’.

“ಅವರು ಉದ್ಯಮಿಗಳು, ಕಾರ್ಮಿಕರಲ್ಲ” ಎಂಬುದು ಇನ್ನೊಂದು ವಾದ. ಬಟ್ಟೆ ವ್ಯಾಪಾರಿಯದು, ನಮೂನೆ ವ್ಯಾಪಾರಿಯದು, ದರ ವ್ಯಾಪಾರಿಯದು; ಬೆನ್ನುನೋವು ಮಾತ್ರ ಇವಳದು. ಇಂಥವಳನ್ನು ಉದ್ಯಮಿ ಎಂದು ಕರೆದು ಕೈತೊಳೆದುಕೊಳ್ಳುವುದು ಧಣಿಯ ಉಪಾಯ. ಮನೆಯಲ್ಲಿ ದುಡಿಯುವವರೂ ಕಾರ್ಮಿಕರೇ ಎಂದು 1996ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 177ನೆಯ ಒಡಂಬಡಿಕೆ ಮಾಡಿತು. ನಮ್ಮ ದೇಶ ಅದಕ್ಕೆ ಇನ್ನೂ ಒಪ್ಪಿಗೆ ಹಾಕಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆಯಿಂದ ದುಡಿಯುವವರ ಹೆಸರೇನೋ ಸೇರಿದೆ. ಹೆಸರು ಸೇರಿದ ಮಾತ್ರಕ್ಕೆ ಕೂಲಿ ಏರುವುದಿಲ್ಲ. ಏರಿಸುವುದು ಸಂಘಟನೆ.

ಕೊನೆಯದಾಗಿ ಒಂದು ಮಾತು ಬರುತ್ತದೆ: “ಅವರು ಸಭೆಗೆ ಬಂದರೆ ಅಡುಗೆ ಯಾರು ಮಾಡುವುದು?” ಇನ್ನೂರು ಜನರಿಗೆ ಸಾಂಬಾರು ಬೇಯಿಸುವ ಕೈಗೆ ಮನೆಯ ನಾಲ್ಕು ಜನರಿಗೆ ಅನ್ನ ಬೇಯಿಸಲು ಬರುವುದಿಲ್ಲವೇ, ಅಣ್ಣ?

ಆದುದರಿಂದ ನಾವು ಕೇಳುವುದು ಇಷ್ಟು. ಮೊದಲನೆಯದಾಗಿ, ಮನೆಯಲ್ಲಿ ಹೊಲಿದು, ಕಸೂತಿ ಹಾಕಿ, ಹಪ್ಪಳ ಒತ್ತಿ ಸಂಪಾದಿಸುವ ನಮ್ಮ ಪ್ರತಿಯೊಬ್ಬ ಹೆಣ್ಣುಮಗಳಿಗೂ ಆಕೆಯ ಸ್ವಂತ ಹೆಸರಿನಲ್ಲಿ ಸದಸ್ಯತ್ವ, ಮತ ಹಾಕುವ ಹಕ್ಕು. ಎರಡನೆಯದಾಗಿ, ಉಳಿತಾಯದ ಪುಸ್ತಕವೂ ಆಕೆಯ ಹೆಸರಿನಲ್ಲೇ. ಗಂಡ ಬಂದು ಸಹಿ ಹಾಕಿ ಹಣ ತೆಗೆಯುವ ಕ್ರಮ ಬೇಡ. ಮೂರನೆಯದಾಗಿ, ಯಾವ ವ್ಯಾಪಾರಿ ಯಾವ ಕೆಲಸಕ್ಕೆ ಎಷ್ಟು ಕೊಡುತ್ತಾನೆಂಬ ದರಪಟ್ಟಿ ನಮ್ಮ ಪತ್ರಿಕೆಯಲ್ಲಿ ಅಚ್ಚಾಗಲಿ. ಒಬ್ಬಳಿಗೊಂದು ದರ, ಪಕ್ಕದ ಮನೆಯವಳಿಗೊಂದು ದರ ಎಂಬ ಕಳ್ಳಾಟ ಅಲ್ಲಿಗೆ ನಿಲ್ಲುತ್ತದೆ. ನಾಲ್ಕನೆಯದಾಗಿ, ಮಧ್ಯಾಹ್ನ ಖಾಲಿ ಬೀಳುವ ಸಂಘದ ಕೋಣೆಯ ಬೀಗದ ಕೈ ಅವರಿಗೆ ಸಿಗಲಿ; ಕೂಡಿ ಹೊಲಿಯಲಿ, ಹೊಸಬರಿಗೆ ಕಲಿಸಲಿ, ಒಟ್ಟಿಗೆ ನೂಲು ಕೊಳ್ಳಲಿ. ಐದನೆಯದಾಗಿ, ಕಾರ್ಯಕಾರಿ ಸಮಿತಿಯಲ್ಲಿ ಅವರು ಕೂರಲಿ. ಸಭೆಯಲ್ಲಿ ಆರತಿ ತಟ್ಟೆ ಹಿಡಿಯಲಿಕ್ಕಲ್ಲ, ಲೆಕ್ಕ ಕೇಳಲಿಕ್ಕೆ.

ಬಂಧುಗಳೇ, ನಮ್ಮ ಊರು ಬಿಟ್ಟು ಈ ಊರಿಗೆ ಬಂದಾಗ ನಮಗೂ ಯಾರೂ ಇರಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದು ಈ ಸಂಘ ಕಟ್ಟಿದ್ದೇವೆ. ಅರ್ಧ ಮನೆಯನ್ನು ಹೊರಗಿಟ್ಟು ಐಕ್ಯದ ಮಾತಾಡಲಾಗದು. ಮುಂದಿನ ಮಹಾಸಭೆಗೆ ಒಬ್ಬರೇ ಬರಬೇಡಿ. ಮನೆಯಲ್ಲಿ ಸೂಜಿ ಹಿಡಿದು ದುಡಿಯುವವರನ್ನೂ ಕರೆದುಕೊಂಡು ಬನ್ನಿ. ಸದಸ್ಯತ್ವದ ಅರ್ಜಿಯಲ್ಲಿ ‘ಉದ್ಯೋಗ’ ಎಂಬ ಜಾಗದಲ್ಲಿ ಅವರ ಕೆಲಸದ ಹೆಸರನ್ನು ಸ್ಪಷ್ಟವಾಗಿ ಬರೆಯಲಿ.